ಕಬ್ಬಿನ ಸರದಿಯಲ್ಲಿ ಕೇಳಿಸಿದ ಗುಟ್ಟು

ಉಗಾರದ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ನನ್ನ ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ. ಮಕ್ಕಳು ನನ್ನೆದುರು ನಿಂತು ಸಂಕಟ ಹೇಳಿಕೊಳ್ಳಲಾರರು ಎಂಬುದು ನನಗೂ ಗೊತ್ತಿತ್ತು. ಮನೆಗೊಂದು ಸ್ಮಾರ್ಟ್‌ಫೋನು ಬಂದ ವರ್ಷಗಳವು. ಹತ್ತನೆಯ ತರಗತಿಗೆ ನನ್ನ ನಂಬರು ಕೊಟ್ಟು, "ಮನಸ್ಸಿಗೆ ತ್ರಾಸ ಆದ್ರ ಮೊಬೈಲನ್ಯಾಗ ಮಾತಾಡಿ ಕಳಸ್ರಿ, ನಾ ಬೈಯೂದಿಲ್ಲ" ಎಂದೆ. ಸ್ಟಾಫ್ ರೂಮಿನಲ್ಲಿ ನಕ್ಕರು. ನಗಲಿ ಬಿಡಿ, ಮಕ್ಕಳ ಮೆಸೇಜುಗಳು ಬಂದವು.

ಕಬ್ಬಿನ ಹಂಗಾಮು ಜೋರಾಗಿದ್ದಾಗ ಒಂದು ರಾತ್ರಿ ಒಬ್ಬ ಜಾಣ ಹುಡುಗಿಯ ದನಿ ಬಂತು. "ಟೀಚರ, ನಿದ್ದಿ ಬರವಲ್ದು. ಪೆನ್ನ ಹಿಡದ್ರ ಕೈ ನಡಗತಾವ. ಪರೀಕ್ಷಾಕ್ಕ ಕುಂದ್ರೂದ ಬ್ಯಾಡ ಅನಸ್ತೈತಿ. ಅಪ್ಪಾಗ ಮಾತ್ರ ಹೇಳಬ್ಯಾಡ್ರಿ."

ಮರುದಿನ ಬೆಳಿಗ್ಗೆ ನಾನೂ ದನಿಯಲ್ಲೇ ಉತ್ತರಿಸಿದೆ. "ಹೆದರಬ್ಯಾಡವಾ. ಕೈ ನಡಗೂದಕ್ಕ ದಾರಿ ಐತಿ. ನಿಮ್ಮಪ್ಪಾಗ ನಾ ಹೇಳೂದಿಲ್ಲ."

ಫೋನು ಅಪ್ಪನದು, ಬೆಳಗಾದರೆ ಅವನ ಜೇಬಿನಲ್ಲೇ ಹೋಗುತ್ತಿತ್ತು. ಆತ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ಗಾಡಿಗಳು ತಾಸುಗಟ್ಟಲೆ ಸರದಿ ನಿಲ್ಲುತ್ತವೆ. ಅಲ್ಲಿ ಒಬ್ಬನ ಮೊಬೈಲಿಗೆ ಬಂದದ್ದನ್ನು ಚಹಾ ಕುಡಿಯುತ್ತ ಹತ್ತು ಮಂದಿ ಕೇಳುವುದು ರೂಢಿ. ನಾನು ಕಾಪಾಡಬೇಕಿದ್ದ ಗುಟ್ಟನ್ನು ಅವರೆಲ್ಲ ಕೇಳಿದರು. ಈಗ ಯಾವ ಮೆಸೇಜು ಬಂದರೂ ಮೊದಲು ಫೋನು ಯಾರ ಕೈಯಲ್ಲಿದೆ ಎಂದೇ ಕೇಳುತ್ತೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹುಡುಗಿ ಎರಡು ದಿನ ಶಾಲೆಗೆ ಬರಲಿಲ್ಲ. ನನ್ನಿಂದಲೇ ಈ ಕೂಸು ಶಾಲೆ ಬಿಟ್ಟರೆ ಹೇಗೆ ಎಂದು ಹೆದರಿದೆ. ಜಗಳಕ್ಕೆ ತಯಾರಾಗಿಯೇ ಅವರ ಮನೆಗೆ ಹೋದೆ.

ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ, ಮಗಳು ಬಾಗಿಲ ಹಿಂದೆ. "ತಪ್ಪು ನಂದ. ಸಿಟ್ಟಿದ್ರ ನನ್ನ ಮ್ಯಾಲ ತೀರಿಸ್ಕೋರಿ" ಎಂದೆ.

"ಮಂದಿ ಕೇಳಿದ್ದು ಹೋಗ್ಲಿ ಬಿಡ್ರಿ ಟೀಚರ" ಎಂದ ಆತ. "ನನಗ ಹೇಳಬ್ಯಾಡ ಅಂದಾಳಲ್ಲ, ಅದು ಚುಚ್ಚೈತಿ."

ಒಳಗಿನಿಂದ ಮಗಳು ಮಾತಾಡಿದಳು. "ಗೇಟನ್ಯಾಗ ಎಲ್ಲಾರ ಮುಂದ ನನ್ನ ಮಗಳು ಫಸ್ಟ್ ಬರ್ತಾಳ ಅಂತೀ. ನಾ ಹೆಂಗ ಹೇಳ್ಲಿ?"

ಆತ ಬಾಗಿಲ ಕಡೆ ತಿರುಗಿದ. "ನಾನೂ ಹತ್ತನೇ ಪರೀಕ್ಷಾದಾಗ ಗಣಿತ ಪೇಪರ ನೋಡಿ ಬೆವತು, ಎದ್ದು ಓಡಿ ಬಂದಾಂವ. ಎಲ್ಲಾರಿಗೂ ಫೇಲ್ ಆಗೇನಿ ಅಂತ ಹೇಳೇನಿ. ಓಡಿ ಬಂದದ್ದು ನಿಮ್ಮವ್ವಗೂ ಗೊತ್ತಿಲ್ಲ."

ಮಗಳು ಹೊರಗೆ ಬಂದು ಅವನ ಪಕ್ಕದಲ್ಲಿ ಕುಳಿತಳು. ಅಥಣಿಯ ದವಾಖಾನೆಯಲ್ಲಿ ಮೊಬೈಲಿನಲ್ಲೇ ಮಕ್ಕಳಿಗೆ ಧೈರ್ಯ ಹೇಳುವ ಆಪ್ತಸಮಾಲೋಚಕಿಯೊಬ್ಬರಿದ್ದರು. ಅವರಿಗೆ ಫೋನು ಹಚ್ಚಿ ಹುಡುಗಿಯ ಕೈಗೆ ಕೊಟ್ಟು ನಾವಿಬ್ಬರೂ ದೂರ ಸರಿದೆವು. ಮುಂದೆ ವಾರವಾರವೂ ಮಾತಾಡಿದಳು, ಪರೀಕ್ಷೆಗೂ ಕುಳಿತಳು.

ಆ ದಿನ ಅವಳ ಮಾತು ಮುಗಿಯುತ್ತ ಬಂದಾಗ ಅಪ್ಪ ನನ್ನತ್ತ ಬಾಗಿ, ಮೆಲ್ಲಗೆ ಕೇಳಿದ:

"ಇಕೀದು ಮುಗದ ಮ್ಯಾಲ ನಾನೂ ಮಾತಾಡಬಹುದೇನ್ರಿ?"