ಅಂಗೈ ಮೋಟಾರಿನ ಅಪಸ್ವರ

ಬಾಯಾರಿದವರು ನೀರಿನ ಲೋಟವನ್ನು ತುಟಿಗೆತ್ತುವ ಮುನ್ನ ಅದರೊಳಗೆ ಇಣುಕಿ ನೋಡಬೇಕೆಂಬ ನಿಯಮ ಯಾವ ಶಾಸ್ತ್ರದಲ್ಲೂ ಇದ್ದಂತಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಇತ್ತು. ಒಂದು ಭಾನುವಾರ ಬೆಳಿಗ್ಗೆ ಸಂಗೀತಪಾಠ ಮುಗಿಸಿ, ಒಣಗಿದ ಗಂಟಲಿನೊಂದಿಗೆ ಅಡುಗೆಮನೆಗೆ ಬಂದು, ಕಟ್ಟೆಯ ಮೇಲಿದ್ದ ಸ್ಟೀಲ್ ಲೋಟಕ್ಕೆ ಕೈ ಹಾಕಿದರೆ ಅದು ಗುಂಯ್‌ಗುಡುತ್ತಿತ್ತು. ಒಳಗಿನ ನೀರು ಕಾಡಿಗೆಗಪ್ಪಾಗಿ ಸುಳಿ ಸುತ್ತುತ್ತಿತ್ತು. ಎಳೆ ಬದನೆಕಾಯಿಯಷ್ಟು ಗಾತ್ರದ ಮೋಟಾರೊಂದು ಅದರಲ್ಲಿ ಮುಳುಗಿ, ಎರಡು ವೈರುಗಳನ್ನು ಬಾಲದಂತೆ ಹೊರಚಾಚಿಕೊಂಡು, ಪರಮಾನಂದದಿಂದ ತಿರುಗುತ್ತಿತ್ತು. ವೈರುಗಳ ಇನ್ನೊಂದು ತುದಿಯಲ್ಲಿ, ಅಷ್ಟೇ ಪರಮಾನಂದದಿಂದ, ನಮ್ಮವರು ಕೂತಿದ್ದರು.

"ಮುಟ್ಟಬ್ಯಾಡ! ಕಾರ್ಬನ್ ಕೂಡ್ಲಿಕತ್ತಾವ" ಎಂದರು.

ಈ ಮಾತಿನ ಭಾಷ್ಯವನ್ನು ಆಗಲೇ ನೂರು ಸಲ ಕೇಳಿದ್ದೆ. ಇಂಥ ಮೋಟಾರಿನೊಳಗೆ ತಾಮ್ರದ ಉಂಗುರವನ್ನು ಉಜ್ಜುತ್ತ ವಿದ್ಯುತ್ತು ಒಯ್ಯುವ ಎರಡು ಕಾರ್ಬನ್ ತುಂಡುಗಳಿರುತ್ತವೆ. ಹೊಸದರಲ್ಲಿ ಅವು ಹೊಸ ಸಂಬಂಧಿಕರಂತೆ ಬಿಗುಮಾನದಿಂದ ಚೌಕವಾಗಿರುತ್ತವೆ. ನೀರಿನೊಳಗೆ ಸಣ್ಣ ಕರೆಂಟಿನಲ್ಲಿ ತಿರುಗಿಸಿದರೆ ಸವೆದು ಉಂಗುರದ ದುಂಡಿಗೆ ಹೊಂದಿಕೊಳ್ಳುತ್ತವೆ. ಹೊಂದಿಕೊಂಡರೆ ವೇಗ, ಇಲ್ಲದಿದ್ದರೆ ಕಿಡಿ. ದಾಂಪತ್ಯವೂ ಹೀಗೆಯೇ ಎಂದು ನಮ್ಮವರು ಒಮ್ಮೆ ಹೇಳಿದ್ದರು. ಹಾಗಾದರೆ ನನ್ನನ್ನು ಯಾವ ಲೋಟದಲ್ಲಿ ಮುಳುಗಿಸಿದ್ದಿರಿ ಎಂದು ನಾನು ಕೇಳಿದ್ದಕ್ಕೆ ಉತ್ತರ ಬಂದಿರಲಿಲ್ಲ. ಆ ದಿನಗಳಲ್ಲಿ ನನ್ನ ಯಾವ ಪ್ರಶ್ನೆಗೂ ಉತ್ತರ ಬರುತ್ತಿರಲಿಲ್ಲವೆಂಬುದೇ ನನ್ನ ಮುಖ್ಯ ತಕರಾರು.

ನಾನು ಹೊಸಪೇಟೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದೆ. ನಮ್ಮವರು, ಗುರುರಾಯರು, ಸಂಡೂರಿನ ಕಡೆ ಅದಿರು ಪುಡಿಮಾಡುವ ಘಟಕವೊಂದರಲ್ಲಿ ಎಲೆಕ್ಟ್ರಿಕಲ್ ಫೋರ್‌ಮನ್. ಮನೆ ಚಿತ್ತವಾಡ್ಗಿಯಲ್ಲಿ. ಅದಿರಿನಿಂದಾಗಿ ಊರಿಗೆ ಊರೇ ಅದಿರುತ್ತಿದ್ದ ವರ್ಷಗಳವು. ಹಗಲಿಡೀ ಲಾರಿಗಳ ಮೆರವಣಿಗೆ; ತುಳಸಿಗೆ ನೀರೆರೆದರೆ ಕೆಂಪು ಇಳಿಯುತ್ತಿತ್ತು; ಬಿಳಿ ಸೀರೆ ಒಣಹಾಕಿದರೆ ಸಂಜೆಗೆ ಸಂನ್ಯಾಸ ಸ್ವೀಕರಿಸಿ ಕಾವಿಯಾಗಿ ಮರಳುತ್ತಿತ್ತು. ಸೈಕಲ್ಲಿದ್ದವರು ಜೀಪು ಕೊಂಡರು, ಜೀಪಿದ್ದವರು ಮತ್ತೇನು ಕೊಳ್ಳುವುದೆಂದು ತೋಚದೆ ಆಟಿಕೆ ಕೊಂಡರು. ಕಂಪ್ಲಿಯ ಪಂಪಾಪತಿಯವರು ಈ ಎರಡನೆಯ ವರ್ಗದವರು. ಅಕ್ಕಿ ಗಿರಣಿಯ ಜೊತೆಗೆ ನಾಲ್ಕು ಅದಿರು ಲಾರಿಗಳ ಒಡೆಯರಾದ ಮೇಲೆ, ಐವತ್ತರ ಪ್ರಾಯದಲ್ಲಿ, ರಿಮೋಟಿನಿಂದ ಓಡುವ ಮೊಳದುದ್ದದ ಕಾರೊಂದನ್ನು ಬೆಂಗಳೂರಿನಿಂದ ತಮಗಾಗಿಯೇ ತರಿಸಿಕೊಂಡಿದ್ದರು. ಗೆಳೆಯರೂ ತರಿಸಿಕೊಂಡರು. ಗಿರಣಿಯ ಹಿಂದೆ ಭತ್ತ ಒಣಗಿಸುವ ವಿಶಾಲವಾದ ಸಿಮೆಂಟು ಕಣದಲ್ಲಿ, ಭಾನುವಾರಗಳಂದು, ಮೀಸೆ ನರೆತ ಐದಾರು ಗಂಡಸರು ಪಂದ್ಯ ನಡೆಸುತ್ತಿದ್ದರು. ಒಮ್ಮೆ ಪಂಪಾಪತಿಯವರ ಕಾರು ಕೆಟ್ಟು ನಿಂತಾಗ ಯಾರೋ ನಮ್ಮವರ ಹೆಸರು ಹೇಳಿದರು. ನನ್ನ ಗ್ರಹಚಾರ ಅಲ್ಲಿಂದ ಆರಂಭ.

ಕ್ರೇನಿಲ್ಲದೆ ಎತ್ತಲಾಗದ ಮೋಟಾರುಗಳೊಡನೆ ಆಯುಷ್ಯ ಕಳೆದ ನಮ್ಮವರು ಅಂಗೈಯಲ್ಲಿ ಕೂರುವ ಮೋಟಾರನ್ನು ಕಂಡು ಮೊಮ್ಮಗುವನ್ನು ಕಂಡವರಂತೆ ಕರಗಿಹೋದರು. ಪಂಪಾಪತಿಯವರು ಬೇಡವೆಂದು ಬಿಟ್ಟ ಕಾರೊಂದು ನಮ್ಮ ಮನೆ ಸೇರಿತು. ಮೋಟಾರಿನ ಹಿಂದಿನ ಮುಚ್ಚಳವನ್ನು ಕೂದಲೆಳೆಯಷ್ಟು ತಿರುಗಿಸಿದರೆ ವೇಗ ಏರುತ್ತದೆ, ಇನ್ನೂ ಎಳೆಯಷ್ಟು ತಿರುಗಿಸಿದರೆ ಕಾದು ಸುಡುತ್ತದೆ. ಈ ಎರಡು ಎಳೆಗಳ ನಡುವಿನ ಮೋಕ್ಷವನ್ನು ಹುಡುಕುತ್ತ, ಹಳೆಯ ಕ್ಯಾಲೆಂಡರುಗಳ ಬೆನ್ನಿನಲ್ಲಿ ವೋಲ್ಟು ಆಂಪಿಯರುಗಳನ್ನು ಬರೆಯುತ್ತ ಅವರು ರಜೆಗಳನ್ನೆಲ್ಲ ಸವೆಸಿದರು. ಅದಿರಿನ ಧೂಳು ಮೋಟಾರಿನ ಆಯಸ್ಕಾಂತಕ್ಕೆ ಹೋಗಿ ಕಚ್ಚಿಕೊಳ್ಳುತ್ತಿತ್ತು. ಅದನ್ನು ಒತ್ತಿ ತೆಗೆಯಲು ನನ್ನ ಚಪಾತಿ ಹಿಟ್ಟಿನ ಉಂಡೆಗಿಂತ ಉತ್ತಮ ಸಾಧನ ಜಗತ್ತಿನಲ್ಲಿಲ್ಲವೆಂದು ಅವರ ಸಂಶೋಧನೆ. ಪಕ್ಕದ ಕೋಣೆಯಲ್ಲಿ ನನ್ನ ವಿದ್ಯಾರ್ಥಿನಿಯರು ಷಡ್ಜ ಹಿಡಿದು ಕೂತರೆ ಇತ್ತ ಮೋಟಾರು ನಿಧಾನವಾಗಿ ಪಂಚಮಕ್ಕೆ ಏರುತ್ತಿತ್ತು; ಮಕ್ಕಳು ಗುರುವನ್ನು ಬಿಟ್ಟು ಮೋಟಾರನ್ನು ಹಿಂಬಾಲಿಸುತ್ತಿದ್ದರು. ಊಟಕ್ಕೆ ಬರ್ರಿ ಎಂದು ಒಂದು ಸಲ ಮೆತ್ತಗೆ, ಎರಡನೆಯ ಸಲ ಗಟ್ಟಿಯಾಗಿ, ಮೂರನೆಯ ಸಲ ಓಣಿಗೆಲ್ಲ ಕೇಳುವಂತೆ ಕರೆದರೂ ಅವರು ತಲೆಯೆತ್ತುತ್ತಿರಲಿಲ್ಲ. ಒಲ್ಲದ ಹೆಂಡತಿಯ ಮಾತನ್ನು ಕಿವಿಗೆ ಹಾಕಿಕೊಳ್ಳದಿರುವ ಕಲೆಯಲ್ಲಿ ಇವರು ಸಿದ್ಧಿ ಪಡೆದಿದ್ದಾರೆಂದೇ ತಿಳಿದು, ನಾನು ಒಬ್ಬಳೇ ಉಂಡೆದ್ದ ದಿನಗಳೂ ಉಂಟು.

ಆ ಕಾರಿನೊಡನೆ ನಮ್ಮವರೂ ಕಂಪ್ಲಿಯ ಕಣಕ್ಕಿಳಿಯಬೇಕಿದ್ದ ದೊಡ್ಡ ಪಂದ್ಯದ ದಿನ ಬೆಳಿಗ್ಗೆ ಅವರು ಕೊನೆಯ ಪರೀಕ್ಷೆ ನಡೆಸುತ್ತಿದ್ದಾಗ ಮೋಟಾರಿನ ದನಿಯ ಮೇಲುಗಡೆ ಇನ್ನೊಂದು ದನಿ, ಜೀರುಂಡೆಯಂತೆ ಸಣ್ಣಗೆ, ಎಳೆದೆಳೆದು ಬರುವುದು ನನಗೆ ಕೇಳಿಸಿತು.

"ಏನರೆ ಉಜ್ಜಲಿಕತ್ತದ, ನೋಡ್ರಿ. ಅಪಸ್ವರ ಬರ್ತದ" ಎಂದೆ, ಅವರ ಎದುರಿಗೇ ನಿಂತು.

"ಏನೂ ಇಲ್ಲ. ಮೀಟರು ಸರಿ ತೋರಸ್ತದ. ಎಲ್ಲಾ ಕಡೆ ನಿನಗ ಸಂಗೀತಾನ" ಎಂದುಬಿಟ್ಟರು. ಮೋಟಾರಿನ ವಿಷಯದಲ್ಲಿ ಹಾರ್ಮೋನಿಯಂ ಬಾರಿಸುವವಳ ಮಾತಿಗೆ ಬೆಲೆಯೆಲ್ಲಿಯದು ಎಂದುಕೊಂಡು ನಾನು ಅವರ ಹಿಂದೆಯೇ ಕಂಪ್ಲಿಯ ಬಸ್ಸು ಹತ್ತಿದೆ.

ಕಣದಲ್ಲಿ ಐದು ಕಾರುಗಳು, ಹತ್ತು ಸುತ್ತುಗಳ ಓಟ. ಐದನೆಯ ಸುತ್ತಿನವರೆಗೆ ನಮ್ಮದೇ ಮುಂದು. ಆರನೆಯದರಲ್ಲಿ ಆ ಜೀರುಂಡೆ ಹೊರಬಿತ್ತು. ಮೊದಲು ಸಣ್ಣಗೆ, ಆಮೇಲೆ ತಗಡಿನ ಮೇಲೆ ಮೊಳೆ ಎಳೆದಂತೆ. ನೆರಳಿನಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು, ಚೀಲ ಹೊರುವ ಹಮಾಲರು ಕಿವಿ ಮುಚ್ಚಿಕೊಂಡರು.

"ಗುರುರಾಯರ, ಗಾಡಿ ಚೀರಾಕತ್ತೈತ್ರಿ! ಬಿಡ್ರಿ, ಬಿಡ್ರಿ!" ಎಂದು ಪಂಪಾಪತಿಯವರು ಹಿಂದಿನಿಂದ ಕೂಗಿದರು.

ನಮ್ಮವರು ರಿಮೋಟಿನ ಗುಂಡಿ ಬಿಡಲಿಲ್ಲ. ಎಂಥ ಹಟವಪ್ಪಾ ಎಂದು ಮೈಯೆಲ್ಲ ಉರಿದು ಅವರತ್ತ ತಿರುಗಿದೆ. ಕಣದ ಸುತ್ತ ನಿಂತವರ ಮುಖಗಳೆಲ್ಲ ಆ ಚೀತ್ಕಾರಕ್ಕೆ ಕಿವುಚಿಹೋಗಿದ್ದವು. ನಮ್ಮವರ ಮುಖ ಮಾತ್ರ ದೇವರಕೋಣೆಯಲ್ಲಿ ಕೂತವರ ಮುಖದಂತೆ ಶಾಂತವಾಗಿತ್ತು. ಕಾರಿನಿಂದ ಹೊಗೆ ಎದ್ದಿತು. ಆಗ ಬೆಚ್ಚಿ ತಲೆಯೆತ್ತಿದರು. ನಾವೆಲ್ಲ ಆಗಲೇ ತಮ್ಮನ್ನು ನೋಡುತ್ತಿರುವುದನ್ನು ಕಂಡು, ಯಾಕೆಂದು ತಿಳಿಯದೆ, ಒಬ್ಬೊಬ್ಬರ ಮುಖವನ್ನೇ ಹುಡುಕಿದರು. ನನ್ನ ಸಿಟ್ಟು ಅಲ್ಲೇ ಎಲ್ಲೋ ಕಾಲುಜಾರಿ ಬಿದ್ದಿತು.

ಮಧ್ಯಾಹ್ನ ಮನೆಗೆ ಬಂದು ಅವರು ಸುಟ್ಟ ಮೋಟಾರನ್ನು ಬಿಚ್ಚಲು ಕೂತರು. ನಾನು ಪೆಟ್ಟಿಗೆಯಿಂದ ಇನ್ನೊಂದು ಮೋಟಾರು ತೆಗೆದು, ಬ್ಯಾಟರಿಗೆ ಸಿಕ್ಕಿಸಿ, ಅವರ ಬೆನ್ನ ಹಿಂದೆ ನಿಂತೆ. ಅದು ತಾರಸ್ಥಾಯಿಯಲ್ಲಿ ಸಣ್ಣಗೆ ಹಾಡುತ್ತಿತ್ತು. ಅವರು ತಿರುಗಲಿಲ್ಲ. ಒಂದು ಹೆಜ್ಜೆ ಮುಂದೆ ಬಂದೆ, ಇಲ್ಲ. ಕಿವಿಯಿಂದ ಗೇಣು ದೂರಕ್ಕೆ ಹಿಡಿದಾಗ ಹೊರಳಿ ನೋಡಿದರು. ನನ್ನ ಕೈಯಲ್ಲಿದ್ದ ಮೋಟಾರನ್ನು ಕಂಡರು, ನನ್ನ ಮುಖವನ್ನು ಕಂಡರು. ಎಷ್ಟೋ ಮೋಟಾರುಗಳನ್ನು ಪರೀಕ್ಷಿಸಿದವರಿಗೆ ತಮ್ಮ ಪರೀಕ್ಷೆಯಾದದ್ದು ತಿಳಿಯದಿರುತ್ತದೆಯೇ?

"ಎಷ್ಟು ದಿನಾತು?" ಎಂದು ಕೇಳಿದೆ, ಗಟ್ಟಿಯಾಗಿ.

"ಎರಡು ವರ್ಷ. ದಪ್ಪ ಸಪ್ಪಳ ಕೇಳಸ್ತಾವ. ಸಣ್ಣವು ಬರೂದಿಲ್ಲ."

ಆಮೇಲೆ ಅವರೇ ಹೇಳಿದರು. ಪುಡಿಯಂತ್ರಗಳ ಪಕ್ಕದ ಇಪ್ಪತ್ತು ವರ್ಷಗಳ ಕೊಡುಗೆ ಅದು. ಘಟಕದಲ್ಲಿ ದಿನ ಬೆಳಿಗ್ಗೆ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೂ ಹಿಡಿಯನ್ನು ಕಿವಿಗೂ ಒತ್ತಿ, ವೈದ್ಯರು ಎದೆಬಡಿತ ಕೇಳುವಂತೆ ಕೇಳಿ, ಯಾವುದಕ್ಕೆ ರೋಗವೆಂದು ಹೇಳುತ್ತಿದ್ದವರು ಇವರೊಬ್ಬರೇ. ಈಗಲೂ ಹಾಗೆಯೇ ಒತ್ತಿ, ಏನೂ ಕೇಳದೆ ತಲೆಯಾಡಿಸಿ, 'ಸರಿಯಿದೆ' ಎಂದು ಪುಸ್ತಕದಲ್ಲಿ ಬರೆಯುತ್ತಿದ್ದರು.

"ಮೊನ್ನೆ ಒಂದಕ್ಕ ಹಂಗ ಬರದೆ. ಮಧ್ಯಾಹ್ನ ಬೇರಿಂಗ್ ಒಡದು ಬೆಲ್ಟು ಹರೀತು. ಪುಣ್ಯಕ್ಕ ಹತ್ರ ಯಾರೂ ಇರ್ಲಿಲ್ಲ" ಎಂದರು. ಕಿವಿಗೆ ಸಿಗದ ರೋಗ ಬೆರಳಿಗಾದರೂ, ಮೀಟರಿಗಾದರೂ ಸಿಗುತ್ತದೆಯೇ ಎಂದು ಈ ಪುಟ್ಟ ಮೋಟಾರುಗಳ ಮೇಲೆ ಅಭ್ಯಾಸ ಮಾಡುತ್ತಿದ್ದರಂತೆ. ನಾನು ಆಟವೆಂದು ತಿಳಿದಿದ್ದೆ.

"ನನಗ ಯಾಕ ಹೇಳ್ಲಿಲ್ಲ?"

"ಹಾಡೋಳಿಗೆ ಕಿವುಡ ಗಂಡ ಅಂತ ಹೆಂಗ ಹೇಳ್ಲಿ?"

ಎರಡು ವರ್ಷ ಬೈದದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಅದರಲ್ಲಿ ಮುಕ್ಕಾಲು ಪಾಲು ಅವರನ್ನು ತಲುಪಿಯೇ ಇರಲಿಲ್ಲ. ಇಂಥ ನಷ್ಟವನ್ನು ಯಾವ ಹೆಂಡತಿಯೂ ಅನುಭವಿಸಿರಲಾರಳು.

ಸೋಮವಾರ ಅವರು ತಾವಾಗಿಯೇ ಮೇಲಧಿಕಾರಿಗೆ ವಿಷಯ ತಿಳಿಸಿದರು. ಕೆಲಸ ಹೋಗಲಿಲ್ಲ, ಬೆಳಗಿನ ಸುತ್ತು ಬೇರೊಬ್ಬರ ಪಾಲಾಯಿತು, ಇವರು ಮೀಟರಿನಿಂದ ವೈಂಡಿಂಗ್ ಪರೀಕ್ಷಿಸುವ ರಿಪೇರಿ ಶೆಡ್ಡಿಗೆ ಹೋದರು. ಹಿಡಿ ಸವೆದ ಆ ಸ್ಕ್ರೂಡ್ರೈವರನ್ನು ಹೊಸಬನ ಕೈಗಿಟ್ಟು ಬಂದ ಸಂಜೆ, ಮೋಟಾರುಗಳ ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದರು. ವೈದ್ಯರು ಕೊಟ್ಟ ಕಿವಿಯ ಯಂತ್ರ ಲಾರಿಯನ್ನೂ ನನ್ನನ್ನೂ ಒಂದೇ ದನಿಯಲ್ಲಿ ಕೇಳಿಸುತ್ತದೆಂದು ದೂರಿ ಅದನ್ನು ಕಪಾಟಿನಲ್ಲಿಟ್ಟರು. ಕರೆದ ಕೂಡಲೇ ಊಟಕ್ಕೆ ಬರತೊಡಗಿದರು; ಕರೆಯುವ ಮೊದಲೇ ತಟ್ಟೆಯ ಮುಂದೆ ಕೂತಿರುತ್ತಿದ್ದರೆನ್ನುವುದು ಹೆಚ್ಚು ಸರಿ. ನಿಶ್ಶಬ್ದಕ್ಕಾಗಿ ಎರಡು ವರ್ಷ ಹರಕೆ ಹೊತ್ತವಳಿಗೆ ಎರಡೇ ವಾರದ ನಿಶ್ಶಬ್ದ ಸಹಿಸಲಾಗಲಿಲ್ಲ. ಮೂರನೆಯ ಭಾನುವಾರ ನಾನೇ ಏಣಿ ಹತ್ತಿ ಪೆಟ್ಟಿಗೆ ಇಳಿಸಿ, ಧೂಳು ಕೊಡವಿ, ಅವರ ಮುಂದೆ ಕುಕ್ಕಿದೆ.

"ಏನದು?"

"ತಿರುಗಸ್ರಿ. ನಾ ಕೇಳ್ತೀನಿ."

ಅನುಮಾನದಿಂದಲೇ ಮೋಟಾರೊಂದನ್ನು ಇಕ್ಕಳಕ್ಕೆ ಸಿಕ್ಕಿಸಿ ಕರೆಂಟು ಕೊಟ್ಟರು. ಅದರ ಒಡಲ ದನಿಯ ಮೇಲೆ ಅದೇ ಜೀರುಂಡೆ ಕೂತಿತ್ತು. ಹೇಗೆ ವರ್ಣಿಸಲಿ? ಚೀರುತ್ತದೆ, ಉಜ್ಜುತ್ತದೆ ಎಂದರೆ ಅವರಿಗೆ ಸಾಲದು. ಒಂದೇ ಸಮನಾಗಿಯೋ, ಬಿಟ್ಟು ಬಿಟ್ಟೋ, ಏರುತ್ತದೋ, ನಡುಗುತ್ತದೋ ಎಂದು ಪ್ರಶ್ನೆಗಳ ಸರಮಾಲೆ. ತಾಳ್ಮೆಗೆಟ್ಟು, ಕೇಳಿದ್ದನ್ನು ಎರಡು ಸ್ಥಾಯಿ ಕೆಳಗಿಳಿಸಿ, ಅವರ ಕಿವಿಗೆ ಸಿಗುವ ಮಂದ್ರದಲ್ಲಿ, ಅದರ ನಡುಕವನ್ನೂ ತಡವರಿಕೆಯನ್ನೂ ಇದ್ದಂತೆಯೇ ಹಾಡಿಬಿಟ್ಟೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಹಿಂದಿನ ಬುಷ್ಷು. ಧೂಳು ಸೇರ್ಯದ" ಎಂದು ಮೋಟಾರು ಬಿಚ್ಚಿದರು. ಅಚ್ಚು ತಿರುಗುವ ಆ ಪುಟ್ಟ ಬಳೆಯೊಳಗೇ ಇತ್ತು, ಕುಂಕುಮದ ಚಿಟಿಕೆಯಷ್ಟು ಕೆಂಪು ಧೂಳು. ಒರೆಸಿ, ಹನಿ ಎಣ್ಣೆ ಬಿಟ್ಟು, ಮತ್ತೆ ಜೋಡಿಸಿ ತಿರುಗಿಸಿದರು. ನಾನು ಮತ್ತೆ ಹಾಡಿದೆ. ಮುಚ್ಚಳವನ್ನು ಎಳೆಯಷ್ಟು ತಿರುಗಿಸಿದರು, ಮತ್ತೆ ಹಾಡಿಸಿದರು. ಒಲೆಯ ಮೇಲಿನ ಸಾರು ಬತ್ತುತ್ತಿತ್ತು, ನನ್ನ ಗಂಟಲೂ ಬತ್ತಿತ್ತು, ಸಹನೆ ಯಾವತ್ತೋ ಬತ್ತಿಹೋಗಿತ್ತು.

"ಇನ್ನೊಮ್ಮೆ ಹಾಡು" ಎಂದರು.

ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಹಾಡಿಗೆ ಅವರು ಈ ಮಾತು ಹೇಳಿದ್ದು ಅದೇ ಮೊದಲು. ಅದೂ ಎಂಥ ಹಾಡಿಗೆ! ಬೈಯಬೇಕೆಂದು ಬಾಯಿ ತೆರೆದೆ. ಅವರು ಮುಂದಕ್ಕೆ ಬಾಗಿ, ಕಿವಿಗೆ ಅಂಗೈ ಹಚ್ಚಿಕೊಂಡು, ನನ್ನ ಬಾಯನ್ನೇ ನೋಡುತ್ತ ಕೂತಿದ್ದರು. ಹಾಡಿದೆ.