ನಮ್ಮಲ್ಲಿ ಗ್ಯಾಪೇ ಇಲ್ಲ ಸ್ವಾಮಿ!

ಪ್ರೊಜೆಕ್ಟರ್ ಕೆಟ್ಟುಹೋಗಬಹುದಿತ್ತು. ಕರೆಂಟ್ ಕೈಕೊಡಬಹುದಿತ್ತು (ಮೂರ್ನಾಡಿನಲ್ಲಿ ಅದಕ್ಕೆ ಮಳೆಯೇ ಬೇಕೆಂದಿಲ್ಲ, ಮೋಡ ಸಾಕು). ಮೈಸೂರಿನಿಂದ ಬರುವ ಕನ್ಸಲ್ಟೆಂಟ್‌ಗೆ ಘಾಟಿಯ ತಿರುವಿನಲ್ಲಿ ವಾಂತಿಯಾಗಬಹುದಿತ್ತು. ಅವನು ಸಸ್ಯಾಹಾರಿಯಾಗಿದ್ದು, ತಟ್ಟೆಗೆ ನಮ್ಮ ಹಂದಿಮಾಂಸದ ಪಂದಿ ಕರಿ ಬೀಳಬಹುದಿತ್ತು. ಗೋದಾಮಿನ ಬೋಜಪ್ಪ ಎದ್ದು ನಿಂತು "ಇದೆಲ್ಲ ಎಂಥಕ್ಕೆ?" ಎಂದು ಕೇಳಿಬಿಡಬಹುದಿತ್ತು. ಯಾರಾದರೂ ಅಳಬಹುದಿತ್ತು. ಅದಕ್ಕೂ ಮೊದಲು ನನ್ನ ಬಿಪಿಯೇ ಏರಬಹುದಿತ್ತು.

ಒಂದೂ ಆಗಲಿಲ್ಲ. ಹಿಂದಿನ ವಾರವಿಡೀ ನಾನು ಬಿಟ್ಟ ನಿದ್ದೆ ದಂಡ.

ವಿಷಯ ಇಷ್ಟೆ. ನಾನು ನೌಕರಿ ಮಾಡುವ ಕಾಫಿ ಬೆಳೆಗಾರರ ಸಂಘದಲ್ಲಿ 'ಸ್ಕಿಲ್ ಗ್ಯಾಪ್ ಅನಾಲಿಸಿಸ್' ನಡೆಯಿತು. ಮಾಡುವ ಕೆಲಸಕ್ಕೆ ಎಷ್ಟು ಬರಬೇಕು, ನಿಜಕ್ಕೂ ಎಷ್ಟು ಬರುತ್ತದೆ, ನಡುವಿನ ಕಂದಕ ಎಷ್ಟು ಅಗಲ ಎಂದು ಅಳೆಯುವುದು. ಕಂದಕ ಕಂಡಲ್ಲಿ ತರಬೇತಿ. ಕೇಳಲು ಎಷ್ಟು ಚೆನ್ನ! ಪ್ರತಿಯೊಬ್ಬರೂ ತಮಗೆ ತಾವೇ ಐದಕ್ಕೆ ಎಷ್ಟೆಂದು ಅಂಕ ಕೊಟ್ಟುಕೊಳ್ಳಬೇಕು. ಆಮೇಲೆ ಮೇಲಿನವರು ಕೊಡಬೇಕು. ಮೇಲಿನವರದ್ದೇ ಅಂತಿಮ. ನಮ್ಮ ಬ್ರಾಂಚಿನಲ್ಲಿ ಮೇಲಿನವನು ಎಂದರೆ, ಹಣೆಬರಹ, ನಾನೇ.

ದೊಡ್ಡ ಊರಿನವರಿಗೇನು, ಯಾರಿಗೋ ಎರಡು ಅಂಕ ಹಾಕಿ ಮೆಟ್ರೋ ಹತ್ತಿ ಮಾಯವಾಗುತ್ತಾರೆ. ಇಲ್ಲಿ ಎರಡು ಹಾಕಿಸಿಕೊಂಡವನು ಸಂಜೆ ಮೀನಿನ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತಿರುತ್ತಾನೆ. ಭಾನುವಾರದ ಮದುವೆಯಲ್ಲಿ ಎದುರಿಗೇ ಊಟಕ್ಕೆ ಕೂರುತ್ತಾನೆ. ಅನಾಲಿಸಿಸ್ ಮಾಡುವ ಧೈರ್ಯ ಯಾರಿಗಿದೆ?

ಬೋಜಪ್ಪನಿಗೆ ಆ ಚಿಂತೆ ಇರಲಿಲ್ಲ. ತನಗೆ ತಾನೇ ಎಲ್ಲದಕ್ಕೂ ಸೊನ್ನೆ ಸುತ್ತಿಕೊಂಡಿದ್ದ.

"ಸೊನ್ನೆ ಕೊಡ್ಲಿಕ್ಕೇ ಇಲ್ಲ ಮಾರಾಯ, ಒಂದರಿಂದ ಶುರು."

"ಇರ್ಲಿ ಸಾರ್. ಗ್ಯಾಪ್ ದೊಡ್ಡದಿದ್ದವರಿಗೆ ಮೈಸೂರಲ್ಲಿ ಎಸಿ ರೂಮಂತೆ. ಗೋಣಿ ಎಣಿಸ್ಲಿಕ್ಕೂ ಬರೋದಿಲ್ಲ ಅಂತ ಬರ್ದಿದ್ದೇನೆ."

ಅವನಿಗೆ ಐದು ಹಾಕಿದೆ. ಖುಷಿಯಿಂದಲೇ.

ಕಷ್ಟವಾದದ್ದು ಕೌಂಟರಿನ ಲೀಲಾವತಿಯದ್ದು. ಮುಂದಿನ ಕೊಯ್ಲಿನಿಂದ ಬಿಲ್ಲೆಲ್ಲ ಹೊಸ ಸಾಫ್ಟ್‌ವೇರಿನಲ್ಲಿ. ಅದು ಬಾರದವರು ನೆಲ್ಯಹುದಿಕೇರಿ ಡಿಪೋಗೆ, ಅಲ್ಲಿ ಇನ್ನೂ ಕೈಬರಹದ ಬಿಲ್ಲೇ. ಲೀಲಾಳ ಮನೆ ನಮ್ಮ ಆಫೀಸಿನ ಹಿಂದಿನ ಬೀದಿಯಲ್ಲಿ. ಹಾಸಿಗೆ ಹಿಡಿದ ಅತ್ತೆಗೆ ಮಧ್ಯಾಹ್ನ ಓಡಿಹೋಗಿ ಗಂಜಿ ಕುಡಿಸಿ ಬರುತ್ತಾಳೆ. ಡಿಪೋಗೆ ಹೋದರೆ ಬೆಳಿಗ್ಗೆ ಹೊರಟವಳು ಸಂಜೆಗೇ ಮನೆ.

"ಸಾರ್, ಸಾಫ್ಟ್‌ವೇರಿಗೆ ಒಂದು ಹಾಕಿದ್ದೇನೆ. ನೀವೂ ಒಂದೇ ಹಾಕಿ. ನಂಗೆ ಬರೋದಿಲ್ಲ, ಕಲಿಸ್ಲಿ."

"ಆಯ್ತು ಲೀಲಾ" ಎಂದೆ. ಎಷ್ಟು ಸುಲಭದ ಮಾತು ನೋಡಿ.

ಮನೆಗೆ ಬಂದ ಮೇಲೆ ತಲೆ ಓಡತೊಡಗಿತು. ಅವಳ ಚಿಕ್ಕಮ್ಮ ನಮ್ಮ ಪಕ್ಕದ ಮನೆ. "ನಮ್ಮ ಹುಡುಗಿಗೆ ಒಂದಾ?" ಎಂದರೆ? ಒಂದು ಅಂಕದವಳನ್ನು ಇಟ್ಟುಕೊಂಡಿರುವುದೇಕೆ ಎಂದು ಮಡಿಕೇರಿಯ ಹೆಡ್ ಆಫೀಸಿನವರು ಕೇಳಿದರೆ? ಕೌಂಟರಿನವಳಿಗೇ ಒಂದಾದರೆ, ಇಷ್ಟು ವರ್ಷ ಅವಳ ಮೇಲಧಿಕಾರಿಯಾಗಿ ಕುಳಿತಿದ್ದವನಿಗೆ ಎಷ್ಟು? (ಮೂರನೆಯದೇ ನಿಜವಾದ ಕಾರಣ. ಮೊದಲೆರಡು ಒಗ್ಗರಣೆ.)

ನಾಲ್ಕು ಹಾಕಿದೆ.

ರಿಪೋರ್ಟ್ ಬಂತು. ಬಣ್ಣದ ಕಂಬಗಳು, ಎಲ್ಲ ಹಸಿರು. "ಕಂಗ್ರಾಟ್ಸ್ ಸರ್, ನಿಮ್ಮ ಸ್ಟಾಫ್‌ನಲ್ಲಿ ಗ್ಯಾಪೇ ಇಲ್ಲ!" ಎಂದ ಕನ್ಸಲ್ಟೆಂಟ್. ಇದ್ದದ್ದು ಒಂದೇ ಕೆಂಪು ಕಂಬ. ಅದು ನನ್ನದು. ಯಾರಾದರೂ "ಛೆ ಛೆ" ಎಂದು ಏರಿಸುತ್ತಾರೆಂಬ ಆಸೆಯಿಂದ ನನಗೆ ನಾನೇ ಎರಡು ಹಾಕಿಕೊಂಡಿದ್ದೆ. ಮಡಿಕೇರಿಯ ಸಾಹೇಬರು ನೋಡದೆಯೇ ಅದಕ್ಕೆ ಸಹಿ ಹಾಕಿದ್ದರು. ಹಾಗಾಗಿ ಇಡೀ ಬ್ರಾಂಚಿನಿಂದ ತರಬೇತಿಗೆ ಆಯ್ಕೆಯಾದವನು ನಾನೊಬ್ಬನೇ. ಎಸಿ ರೂಮ್, ಬಫೆ ಊಟ, ಲೀಡರ್‌ಶಿಪ್ ಪಾಠ. ಬೋಜಪ್ಪ ಇವತ್ತಿಗೂ ನನ್ನೊಡನೆ ಸರಿಯಾಗಿ ಮಾತನಾಡುವುದಿಲ್ಲ.

ಗಾಬರಿಯಾಗಿ ಕನ್ಸಲ್ಟೆಂಟ್‌ಗೆ ಫೋನ್ ಮಾಡಿದೆ. ಲೀಲಾಗೆ ತರಬೇತಿ ಬೇಕೇ ಬೇಕು ಎಂದೆ.

"ಸಿಸ್ಟಮ್ ಪ್ರಕಾರ ಅವರಿಗೆ ನೀಡ್ ಇಲ್ಲ ಸರ್."

"ಬರೋದಿಲ್ಲ ಅಂತ ಅವರೇ ಬಾಯಿಬಿಟ್ಟು ಹೇಳ್ತಿದ್ದಾರಲ್ರೀ!"

"ಅದು ಸೆಲ್ಫ್ ಪರ್ಸೆಪ್ಷನ್ ಸರ್. ನೀವೇ ಫೋರ್ ಕೊಟ್ಟಿದ್ದೀರಲ್ಲ?"

ನೋಡಿದಿರಾ ವಿದ್ಯೆ? ಎದುರಿಗೆ ಕುಳಿತವಳು "ನನಗೆ ಬರುವುದಿಲ್ಲ, ಕಲಿಸಿ" ಎಂದರೆ ಅದು ಅನಿಸಿಕೆ. ಹೆದರುಪುಕ್ಕಲನೊಬ್ಬ ಮನೆಯಲ್ಲಿ ಕುಳಿತು ಬರೆದ ಸುಳ್ಳು ಅಂಕೆ ಡೇಟಾ! ಬಾಯಿಂದ ಕೇಳಿದರೆ ಪುಕ್ಕಟೆ ಗೊತ್ತಾಗುವುದನ್ನು ಕಾಸು ಕೊಟ್ಟು ಗೊತ್ತಾಗದಂತೆ ಮಾಡಿಕೊಳ್ಳುವುದಕ್ಕೆ ಪ್ರೊಜೆಕ್ಟರ್ ಬೇರೆ ಕೇಡು.

ಲೀಲಾ ಮಾತ್ರ ಒಂದೇ ಸಲ ಕೇಳಿದಳು. "ನಾಲ್ಕು ಹಾಕಿದ್ರಂತೆ?"

"ನಿಮ್ಮ ಒಳ್ಳೇದಕ್ಕೇ ಲೀಲಾ..."

"ಹೌದಾ ಸಾರ್" ಎಂದು ಬಿಲ್ ಪುಸ್ತಕದ ಕಡೆ ತಿರುಗಿಕೊಂಡಳು.

ಕೊಯ್ಲು ಬಂತು, ಸಾಫ್ಟ್‌ವೇರೂ ಬಂತು. ಕೌಂಟರಿನಲ್ಲಿ ಬಿಲ್ಲೇ ಹೊರಬರಲಿಲ್ಲ. ಹೊರಗೆ ಕಾಫಿ ಮೂಟೆ ಹೊತ್ತ ಜೀಪುಗಳ ಸಾಲು, ಒಳಗೆ ಬೆಳೆಗಾರರ ಬೈಗುಳ. ದಿನಗಟ್ಟಲೆ ಅವಳ ಪಕ್ಕ ಕುಳಿತು ಗುಂಡಿ ಒತ್ತಲು ನೋಡಿದೆ. ಲೀಡರ್‌ಶಿಪ್ ಪಾಠದಲ್ಲಿ ಅದೊಂದು ಇರಲಿಲ್ಲ.

ಮಡಿಕೇರಿಯಿಂದ ಫೋನ್ ಬಂತು. ಬಾರದವರಾಗಿದ್ದರೆ ಕ್ಷಮಿಸಿ ಕಲಿಸಬಹುದಿತ್ತಂತೆ. ನಾಲ್ಕು ಅಂಕ ಬಂದವಳಿಗೆ ಇಷ್ಟು ಆಗದಿದ್ದರೆ ಅದು ಶುದ್ಧ ಉಡಾಫೆಯಂತೆ. ನಾಲ್ಕು ನಾನು ಹಾಕಿದ್ದು ಎಂದೆ. "ಹಾಗಾದ್ರೆ ಸರಿಯಾಗೇ ಇರ್ತದೆ ಬಿಡಿ" ಎಂದರು ಸಾಹೇಬರು.

ಹೀಗೆ ಅನಾಲಿಸಿಸ್ ಸುಸೂತ್ರವಾಗಿ ಮುಗಿಯಿತು. ನಮ್ಮಲ್ಲಿ ಗ್ಯಾಪ್ ಇಲ್ಲ ಎನ್ನುವ ಸರ್ಟಿಫಿಕೇಟನ್ನು ಫ್ರೇಮು ಹಾಕಿಸಿ ತೂಗುಹಾಕಿದ್ದೇವೆ. ಲೀಲಾ ಬೆಳಗಿನ ಬಸ್ಸು ಹತ್ತಿ ನೆಲ್ಯಹುದಿಕೇರಿ ಡಿಪೋಗೆ ಹೋಗುತ್ತಾಳೆ.

ಆದ ಎಡವಟ್ಟು ಒಂದೇ, ತೀರಾ ಸಣ್ಣದು: ಅವಳ ಅತ್ತೆಯ ಮಧ್ಯಾಹ್ನದ ಗಂಜಿ ಈಗ ಸಂಜೆಗೆ.