ಗುರುಶಾಂತಮ್ಮ ಹಿಡಿದ ಎದುರು ಸಾಲು

ಗುರುಶಾಂತಮ್ಮ ನಡೆಯುವುದನ್ನು ನಾನು ನೋಡಿಲ್ಲ. ನಮ್ಮೂರಿಗೆ ಸೊಸೆಯಾಗಿ ಬಂದು ಮೂವತ್ತು ವರ್ಷದ ಮೇಲಾಯಿತು. ಅವತ್ತಿನಿಂದ ಓಡುವುದನ್ನೇ ನೋಡುತ್ತಿದ್ದೇನೆ. ಬಿಂದಿಗೆ ಸೊಂಟದಲ್ಲಿದ್ದರೂ ಓಟ, ಹುಲ್ಲಿನ ಹೊರೆ ತಲೆಯ ಮೇಲಿದ್ದರೂ ಓಟ. ಕಟ್ಟೆಮಳಲವಾಡಿಯಿಂದ ಎರಡು ಮೈಲಿ ಒಳಕ್ಕಿರುವ ನಮ್ಮೂರಿಗೆ ಬಸ್ಸು ಬರುವುದು ದಿನಕ್ಕೆ ಮೂರೇ ಸಲ. ಬೇರೆಯವರು ಅದಕ್ಕೆ ಕಾಯುತ್ತಾರೆ, ಇವಳು ಅಟ್ಟಿಸಿಕೊಂಡು ಹೋಗುತ್ತಾಳೆ. ಗಂಡ ಕಂಠಪ್ಪನದು ಬೇರೆ ಲೆಕ್ಕಾಚಾರ. ಅವನು ಎಡಗಾಲಿಗೆ ಚಪ್ಪಲಿ ಹಾಕಿಕೊಂಡು ಬಲಗಾಲಿನದು ಹುಡುಕುವಷ್ಟರಲ್ಲಿ ಕಾಫಿ ಆರಿರುತ್ತದೆ.

ನಮ್ಮ ಕಡೆ ರಾಗಿ ಹೊಲದಲ್ಲಿ ಕಳೆ ತೆಗೆಯುವಾಗ ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಸಾಲು. ತನ್ನದು ಬೇಗ ಮುಗಿಸಿದವಳು ಬದುವಿನ ಮೇಲೆ ಕೂತು ಎಲೆಯಡಿಕೆ ಹಾಕುವ ಹಾಗಿಲ್ಲ. ಹಿಂದೆ ಬಿದ್ದವಳ ಸಾಲನ್ನು ಆ ತುದಿಯಿಂದ ಹಿಡಿದುಕೊಂಡು ಬರಬೇಕು. ಇಬ್ಬರೂ ನಡುವೆ ಎಲ್ಲೋ ಎದುರಾದಾಗ ಸಾಲು ಮುಗಿಯಿತು. ಇದಕ್ಕೆ ಎದುರು ಸಾಲು ಹಿಡಿಯುವುದು ಅನ್ನುತ್ತೇವೆ. ಹಿಡಿಯದೆ ಕೂತವಳ ಪಕ್ಕದ ಸಾಲಿಗೆ ಮಾರನೆಯ ದಿನ ಯಾರೂ ನಿಲ್ಲುವುದಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಇದನ್ನು ಬಿಟ್ಟವರಲ್ಲ. ಬಾಯಿ ಬೈಯುತ್ತಿದ್ದರೂ ಕೈ ಅವಳ ಕಳೆಯನ್ನು ಕೀಳುತ್ತಿರುತ್ತದೆ. ಗುರುಶಾಂತಮ್ಮನಿಂದ ಎದುರು ಸಾಲು ಪಡೆಯದ ಹೆಂಗಸು ನಮ್ಮೂರಲ್ಲಿ ಒಬ್ಬಳೂ ಇಲ್ಲ. ಎಲ್ಲರಿಗಿಂತ ಹೆಚ್ಚು ಪಡೆದವಳು ಪುಟ್ಟಮಲ್ಲಮ್ಮ. ಅವಳಿಗೆ ಮಾತು ಜಾಸ್ತಿ, ಸಾಲು ಕಮ್ಮಿ.

ಈ ಇಬ್ಬರೂ ಹದಿನಾಲ್ಕು ವರ್ಷದ ಹಿಂದೆ ಒಂದೇ ದಿನ ನಮ್ಮೂರ ಸರ್ಕಾರಿ ಶಾಲೆಗೆ ಬಿಸಿಯೂಟದ ಸಹಾಯಕಿಯರಾಗಿ ಸೇರಿದರು. ಮುಖ್ಯ ಅಡುಗೆಯವಳು ಕುಳ್ಳಮ್ಮ. ತರಕಾರಿ ಹೆಚ್ಚುವುದು, ಬೇಳೆ ಬೇಯಿಸುವುದು, ಒಗ್ಗರಣೆ ಹಾಕುವುದು ಎಲ್ಲ ಗುರುಶಾಂತಮ್ಮನ ಕೈಕೆಲಸ. ಕೊನೆಗೆ ಕುಳ್ಳಮ್ಮ ಬಂದು ಉಪ್ಪು ಹಾಕುತ್ತಿದ್ದಳು. ಉಪ್ಪಿನ ಡಬ್ಬಿ ಮುಟ್ಟುವ ಹಕ್ಕು ಮುಖ್ಯ ಅಡುಗೆಯವಳದ್ದು ಮಾತ್ರ ಅಂತ ಅವಳೇ ಒಂದು ಕಾನೂನು ಮಾಡಿಕೊಂಡಿದ್ದಳು. ಸಾರು ಚೆನ್ನಾಗಿದ್ದ ದಿನ ಊರೆಲ್ಲ ಅದನ್ನು ಕುಳ್ಳಮ್ಮನ ಸಾರು ಅಂತ ಹೊಗಳುತ್ತಿತ್ತು. ಉಪ್ಪು ಹೆಚ್ಚಾದ ದಿನ ಕುಳ್ಳಮ್ಮ, “ಗುರುಶಾಂತಿ ಬೇಳೆ ಕಮ್ಮಿ ಆಕವ್ಳೆ ಕಣ್ರೋ” ಅನ್ನುತ್ತಿದ್ದಳು. ಹದಿನಾಲ್ಕು ವರ್ಷ ಗುರುಶಾಂತಮ್ಮ ಆ ಡಬ್ಬಿಯನ್ನೇ ನೋಡುತ್ತಾ ಒಗ್ಗರಣೆ ಹಾಕಿದಳು.

ಹೋದ ವರ್ಷ ಕುಳ್ಳಮ್ಮನಿಗೆ ಅರವತ್ತು ತುಂಬಿತು. ಮಾರ್ಚಿ ಕಳೆದರೆ ಮನೆ. ಹೆಡ್ಮಾಸ್ಟರ್ ಸೋಮಶೇಖರ್ ಇಬ್ಬರು ಸಹಾಯಕಿಯರನ್ನೂ ಕರೆದು ಕೂರಿಸಿದರು.

“ನೋಡ್ರಮ್ಮ, ದಿನಾ ಗೋಡೆ ಮೇಲೆ ಇಂದಿನ ಊಟ ಏನು ಅಂತ ಬರೀಬೇಕು. ರುಚಿ ನೋಡಿದ ಪುಸ್ತಕದಲ್ಲೂ ಬರೀಬೇಕು. ಇಷ್ಟು ವರ್ಷ ಅದನ್ನೆಲ್ಲ ನಾನೇ ಬರೆದು ಸಾಕಾಗಿದೆ. ನಿಮ್ಮಿಬ್ಬರಲ್ಲಿ ಯಾರು ಸಾಕ್ಷರತೆ ಪರೀಕ್ಷೆ ಪಾಸು ಮಾಡ್ತೀರೋ ಅವರು ಮುಖ್ಯ ಅಡುಗೆಯವರು.”

ಇದು ಸರ್ಕಾರದ ನಿಯಮವೋ ಅವರ ಸ್ವಂತದ್ದೋ ಯಾರೂ ಕೇಳಲಿಲ್ಲ. ಅವರ ಕಷ್ಟ ಊರಿಗೇ ಗೊತ್ತಿತ್ತು. ಒಂದು ಸೋಮವಾರ ಬಿಸಿಬೇಳೆಬಾತ್ ಅಂತ ಗೋಡೆಯ ಮೇಲೆ ಬರೆದವರು ವಾರವೆಲ್ಲ ಅಳಿಸುವುದನ್ನೇ ಮರೆತಿದ್ದರು. ತಾಲ್ಲೂಕಿನಿಂದ ಬಂದ ಸಾಹೇಬರು ಅನ್ನ ಸಾರು ಉಣ್ಣುತ್ತಿದ್ದ ಮಗುವನ್ನು, “ಎಲ್ಲಪ್ಪಾ ಬಿಸಿಬೇಳೆಬಾತು?” ಅಂತ ಕೇಳಿದರೆ ಮಗು ಬೆರಳು ತೋರಿಸಿ, “ಗೋಡೆ ಮ್ಯಾಲೈತೆ ಸಾ” ಅಂದಿತ್ತು.

ಕಲಿಸುವುದಕ್ಕೆ ನಿಶತ್ ಇದ್ದಳು. ಹುಣಸೂರಿನಲ್ಲಿ ಮರಗೆಲಸದ ಅಂಗಡಿ ಇಟ್ಟಿರುವ ಮಕ್ಬೂಲ್ ಸಾಹೇಬರ ಮಗಳು. ನಮ್ಮ ಶಾಲೆಗೆ ಅತಿಥಿ ಶಿಕ್ಷಕಿ. ವಯಸ್ಕರ ಸಾಕ್ಷರತೆಯ ಕಾರ್ಯಕ್ರಮದಲ್ಲಿ ಇವರಿಬ್ಬರೂ ಸೇರಿದಂತೆ ಊರಿನ ಹತ್ತು ಹೆಂಗಸರನ್ನು ಕೂಡಿಸಿಕೊಂಡು, ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಪಾಠ ಶುರು ಮಾಡಿದಳು. ಸಂಬಳವಿಲ್ಲದ ಕೆಲಸ. ಹತ್ತೂ ಜನ ಪಾಸಾದರೆ ತನಗೆ ಅದೇ ದೊಡ್ಡದು ಅನ್ನುತ್ತಿದ್ದಳು. ನಾನು ಶಾಲೆಯ ಬೆಂಚಿನಲ್ಲಿ ಕೂತು ಕಲಿತವನಲ್ಲ, ಬೆಲ್ಲ ಸುತ್ತಿದ ಕಾಗದದಲ್ಲಿ ಅಕ್ಷರ ಹೆಕ್ಕಿ ಕಲಿತವನು. ಹಾಗಾಗಿ ಸಂಜೆ ಆ ಜಗಲಿಯ ತುದಿಯಲ್ಲಿ ಕೂತು ಅವರ ಕಲಿಕೆ ಎಲ್ಲಿಗೆ ಬಂತು ಅಂತ ನೋಡುವುದು ನನಗೊಂದು ಚಟವಾಯಿತು.

ಗುರುಶಾಂತಮ್ಮ ಅಕ್ಷರವನ್ನೂ ಓಡಿಕೊಂಡೇ ಕಲಿತಳು. ಮನೆಯಲ್ಲಿ ಸೌದೆ ಒಲೆ. ಮಸಿ ಹಿಡಿದ ಪಾತ್ರೆಯ ತಳವೇ ಅವಳ ಸ್ಲೇಟು; ಬೆರಳಲ್ಲಿ ಬರೆಯುವುದು, ಓದುವುದು, ಆಮೇಲೆ ಬೆಳಗುವುದು. ಕಂಠಪ್ಪ ನನ್ನ ಹತ್ತಿರ ಬಂದು ಗೋಳಾಡಿದ: “ಪಾತ್ರೆ ಬೆಳಗು ಅಂದ್ರೆ ಪಾತ್ರೆ ಓದ್ತಾ ಕುಂತವ್ಳೆ ಕಣಯ್ಯ. ನೆನ್ನೆ ಮುದ್ದೆ ಪಾತ್ರೆ ಮೇಲೆ ನನ್ ಎಸ್ರು ಬರ್ದು, ‘ಓದು ನೋಡಾನ’ ಅಂತವ್ಳೆ. ನಂಗ್ ಓದಕ್ಕೆ ಬತ್ತದಾ?”

“ಏನಂದೆ?”

“ಚೆನ್ನಾಗಿ ಬರ್ದಿದ್ದೀಯ ಅಂದೆ.”

ಪರೀಕ್ಷೆ ಮಾರ್ಚಿಯ ಒಂದು ಭಾನುವಾರ. ಹಿಂದಿನ ದಿನ ನಿಶತ್ ಎಲ್ಲರ ಕೈಯಲ್ಲೂ ಮಾತು ತೆಗೆದುಕೊಂಡಳು. “ಪಕ್ಕದವರದ್ದು ನೋಡಿ ಬರೀಬಾರದು. ಬರೆದರೆ ನಿಮ್ಮ ಜೊತೆ ನನ್ನ ಮಾನವೂ ಹೋಗುತ್ತೆ.”

“ನಿಮ್ಮ್ ಮಾನಕ್ಕೆ ನಾವು ಕೈ ಆಕ್ತೀವಾ ಮಿಸ್ಸೇ?” ಅಂದಳು ಗುರುಶಾಂತಮ್ಮ. ನೋಡಿ ಬರೆಯುವುದಿಲ್ಲ ಅಂತ ಹತ್ತೂ ಜನ ಬಿಸಿಯೂಟದ ಒಲೆ ಮುಟ್ಟಿ ಆಣೆ ಇಟ್ಟರು.

ಅವತ್ತು ನನಗೆ ಗಂಟೆ ಹೊಡೆಯುವ ಕೆಲಸ ಕೊಟ್ಟಿದ್ದರು. ನಾನು ಕಿಟಕಿಯ ಹೊರಗೆ ಹೊಂಗೆ ಮರದ ಕೆಳಗೆ ಕೂತಿದ್ದೆ. ಪರೀಕ್ಷೆ ನಡೆಸಲು ಬೇರೆ ಊರಿನ ಶಾಲೆಯಿಂದ ಶಶಿಕುಮಾರ್ ಮೇಷ್ಟ್ರು ಬಂದಿದ್ದರು. ಹತ್ತನೇ ಕ್ಲಾಸಿನ ಪರೀಕ್ಷೆಗಳಲ್ಲಿ ಇಪ್ಪತ್ತು ವರ್ಷ ಕಾವಲು ನಿಂತವರು. ತೋಳಿನ ಮಡಿಕೆಯಲ್ಲಿಟ್ಟ ಚೀಟಿಯನ್ನೂ ವಾಸನೆಯಿಂದ ಹಿಡಿಯುತ್ತಾರೆ ಅಂತ ಹೆಸರು.

ಓದು, ಬರಹ, ಲೆಕ್ಕ ಅಂತ ಮೂರು ಭಾಗ, ಮೂರು ಗಂಟೆ ಹೊತ್ತು. ಒಂದೂವರೆ ಗಂಟೆಯಲ್ಲೇ ಮುಗಿಸಿ ಗುರುಶಾಂತಮ್ಮ ಪೆನ್ನು ಕೆಳಗಿಟ್ಟು ಬೆರಳ ನೆಟಿಗೆ ಮುರಿದಳು. ಪಕ್ಕಕ್ಕೆ ತಿರುಗಿದಳು. ಪುಟ್ಟಮಲ್ಲಮ್ಮ ಇನ್ನೂ ಎರಡನೇ ಪುಟದಲ್ಲಿ ನಾಲಿಗೆ ಕಚ್ಚಿಕೊಂಡು ಒದ್ದಾಡುತ್ತಿದ್ದಳು. ಗುರುಶಾಂತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅದನ್ನು ನೋಡಿಯೇ ನಾನು ಎದ್ದು ಕಿಟಕಿಯ ಹತ್ತಿರ ಬಂದೆ. ಹೊಲದಲ್ಲಿ ಅವಳು ಹಾಗೆ ಸಿಕ್ಕಿಸಿದರೆ ಏನರ್ಥ ಅಂತ ನನಗೆ ಗೊತ್ತು. ಹೂಂ ಅನ್ನುವಷ್ಟರಲ್ಲಿ ಪುಟ್ಟಮಲ್ಲಮ್ಮನ ಪತ್ರಿಕೆಯ ಪಿನ್ನನ್ನು ಹಲ್ಲಿನಿಂದ ಎತ್ತಿ, ಹಿಂದಿನ ಹಾಳೆಗಳನ್ನು ಎಳೆದುಕೊಂಡು, ಕೊನೆಯ ಪ್ರಶ್ನೆಯಿಂದ ಶುರು ಮಾಡಿಯೇ ಬಿಟ್ಟಳು. ಪುಟ್ಟಮಲ್ಲಮ್ಮ ತಲೆ ಕೂಡ ಎತ್ತಲಿಲ್ಲ. ಜಾಗ ಸಾಲದು ಅಂತ ಒಂಚೂರು ಸರಿದು ಕೂತಳು, ಅಷ್ಟೇ.

ಆ ಕೆಲಸಕ್ಕೆ ತನಗೆ ಪೈಪೋಟಿ ಇರುವವಳು ಇವಳೊಬ್ಬಳೇ ಅನ್ನುವುದು ಗುರುಶಾಂತಮ್ಮನಿಗೆ ಆ ಗಳಿಗೆಯಲ್ಲಿ ಹೊಳೆದಂತೆ ಕಾಣಲಿಲ್ಲ. ಸಾಲು ಹಿಂದೆ ಬಿದ್ದಿತ್ತು, ಹಿಡಿದಳು.

ಶಶಿಕುಮಾರ್ ಮೇಷ್ಟ್ರು ಬಂದು ಎದುರಿಗೆ ನಿಂತರು.

“ಏನಮ್ಮಾ, ಯಾರ ಪೇಪರು ಇದು?”

“ಪುಟ್ಟಮಲ್ಲಮ್ಮಂದು ಸಾ.”

“ನೀವ್ಯಾಕೆ ಬರೀತಿದ್ದೀರಿ?”

“ನಂದು ಮುಗೀತಲ್ಲ.”

ಇಪ್ಪತ್ತು ವರ್ಷದಲ್ಲಿ ಅವರು ಇಂಥ ಉತ್ತರ ಕೇಳಿರಲಿಲ್ಲ. ಸಿಕ್ಕಿಬಿದ್ದವರು ಅಳುತ್ತಾರೆ, ಕಾಲು ಹಿಡಿಯುತ್ತಾರೆ, ಚೀಟಿ ನುಂಗುತ್ತಾರೆ. ಇವಳು, “ಬೆಳಕ್ಗೆ ಅಡ್ಡ ನಿಂತ್ಕಬ್ಯಾಡಿ ಸಾ, ಇನ್ನೊಂದೀಟೈತೆ” ಅಂದಳು. ಪುಟ್ಟಮಲ್ಲಮ್ಮನೂ ಸೇರಿಸಿದಳು: “ಎದುರಾಗೋ ಹೊತ್ಗೇ ಬಂದ್ರಲ್ಲ ಸಾ.”

ಮೇಷ್ಟ್ರು ಇಬ್ಬರ ಪತ್ರಿಕೆಯನ್ನೂ ಕಿತ್ತುಕೊಂಡರು. ಹೆಡ್ಮಾಸ್ಟರ್ ಓಡಿ ಬಂದರು. ಬಾಗಿಲಲ್ಲಿದ್ದ ನಿಶತ್ ಮುಖ ಸುಣ್ಣದ ಹಾಗಾಯಿತು. ಮೇಷ್ಟ್ರು ಒಂದು ಹಾಳೆಯಲ್ಲಿ ಸರಸರ ಬರೆದು ಗುರುಶಾಂತಮ್ಮನ ಮುಂದೆ ಇಟ್ಟರು. “ಇದು ನಿಮ್ಮ ಹೇಳಿಕೆ. ಸಹಿ ಹಾಕಿ. ಬರದಿದ್ದರೆ ಹೆಬ್ಬೆಟ್ಟು ಒತ್ತಿ.”

ಈಗ ಅವಳಿಗೆ ಅರ್ಥವಾಯಿತು. ಉಪ್ಪಿನ ಡಬ್ಬಿ ಕೈತಪ್ಪುತ್ತಿತ್ತು. ಕಣ್ಣಲ್ಲಿ ನೀರು ತುಂಬಿತು. ಆದರೆ ಸಹಿ ಹಾಕಲಿಲ್ಲ. ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಅಕ್ಷರಕ್ಕೊಂದು ಸಲ ಬೆರಳಿಟ್ಟು, ಜೋರಾಗಿ ಓದತೊಡಗಿದಳು. ಓಡುವ ಹೆಂಗಸು ಅವತ್ತೊಂದು ದಿನ ನಡೆದಳು. “ನಾನು... ಗುರು...ಶಾಂತಮ್ಮ... ಪಕ್ಕದವರ... ಉತ್ತರವನ್ನು... ನೋಡಿ... ಬರೆದು... ಸಿಕ್ಕಿ...ಬಿದ್ದಿರು...ತ್ತೇನೆ.” ಬೆರಳು ಹಿಂದಕ್ಕೆ ಹೋಗಿ ಒಂದು ಕಡೆ ನಿಂತಿತು.

“ಇದು ಸುಳ್ಳು ಸಾ.”

“ಏನಮ್ಮಾ ಸುಳ್ಳು?”

“ನಾ ಎಲ್ಲಿ ನೋಡಿ ಬರ್ದೆ? ಅವಳ ಪುಟದಲ್ಲಿ ನೋಡಕ್ಕೆ ಏನಿತ್ತು, ಬರೀ ಬಿಳೀದು. ನಾನು ಬರ್ಕೊಟ್ಟೆ. ಅದನ್ನೇ ಬರೀರಿ, ಸೈನ್ ಆಕ್ತೀನಿ.”

“ಎರಡೂ ತಪ್ಪೇ ಕಣಮ್ಮ!”

“ತಪ್ಪಿರ್ಬೋದು. ನಾ ಮಾಡಿದ್ ತಪ್ಪು ಬರೀರಿ. ಇನ್ಯಾರ್ದೋ ತಪ್ಪ್ಗೆ ನಾನ್ಯಾಕ್ ಸೈನ್ ಆಕ್ಲಿ?”

ಹಿಂದಿನಿಂದ ಎಂಟು ಹೆಂಗಸರು, “ಊಂ ಸಾ, ಅವ್ಳು ನೋಡ್ನಿಲ್ಲ” ಅಂತ ಒಟ್ಟಿಗೆ ಸಾಕ್ಷಿ ಹೇಳಿದರು. ಮೇಷ್ಟ್ರಿಗೆ ರೇಗಿತು. ಖಾಲಿ ಹಾಳೆ ಕೊಟ್ಟು, “ಹಾಗಾದರೆ ನೀವೇ ಬರೀರಿ” ಅಂದರು.

ಅವಳು ಕಣ್ಣೊರೆಸಿಕೊಂಡು ಬರೆದಳು. ಬರೆದದ್ದು ಇಷ್ಟು:

“ನಾನು ಗುರುಶಾಂತಮ್ಮ. ನಂದು ಬೇಗ ಮುಗೀತು. ಪುಟ್ಟಮಲ್ಲಮ್ಮಂದು ಮುಗಿದಿರಲಿಲ್ಲ. ಹೊಲದಲ್ಲಿ ಎದುರು ಸಾಲು ಹಿಡೀತೀವಿ. ಇಲ್ಲೂ ಹಿಡಿದೆ. ಅವಳು ಕೇಳಲಿಲ್ಲ. ತಪ್ಪು ನಂದು. ಮಿಸ್ಸು ಹೇಳಿಕೊಟ್ಟಿದ್ದಲ್ಲ. ಮೇಷ್ಟ್ರು ಊಟ ಮಾಡಿಕೊಂಡು ಹೋಗಬೇಕು.”

ಕೆಳಗೆ ತನ್ನ ಹೆಸರು.

ಶಶಿಕುಮಾರ್ ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಕೊನೆಯ ಸಾಲಿಗೆ ಬಂದಾಗ ಮೀಸೆ ಅಲುಗಾಡಿತು. ಹೆಡ್ಮಾಸ್ಟರ್ ಕಡೆ ತಿರುಗಿ, “ಈ ಹಾಳೆ ಬರೆದವರಿಗೆ ಓದು ಬರಹ ಗೊತ್ತಿಲ್ಲ ಅಂತ ನಾನು ಮೇಲಕ್ಕೆ ಕಳಿಸಿದರೆ, ಅವರು ನನ್ನನ್ನೇ ಪರೀಕ್ಷೆಗೆ ಕೂರಿಸ್ತಾರೆ ಸಾರ್” ಅಂದರು. ಆಮೇಲೆ ತೀರ್ಪು ಕೊಟ್ಟರು. ಇಬ್ಬರ ಹಳೇ ಪತ್ರಿಕೆಯೂ ರದ್ದು. ಉಳಿದ ಒಂದು ಗಂಟೆಯಲ್ಲಿ ಇಬ್ಬರೂ ಹೊಸ ಪತ್ರಿಕೆ ಬರೆಯಬೇಕು, ಒಬ್ಬಳು ಈ ಮೂಲೆ, ಇನ್ನೊಬ್ಬಳು ಆ ಮೂಲೆ. ಕೈ ಅಲುಗಿದರೆ ಮನೆ.

ಗುರುಶಾಂತಮ್ಮ ಈ ಸಲ ಮುಕ್ಕಾಲು ಗಂಟೆಗೇ ಮುಗಿಸಿದಳು. ಉಳಿದ ಕಾಲು ಗಂಟೆ ಅವಳು ಪಟ್ಟ ಪಾಡನ್ನು ನಾನು ಕಿಟಕಿಯಿಂದ ಕಣ್ಣಾರೆ ಕಂಡೆ. ಕೈ ತಾನಾಗಿ ಸೆರಗಿನ ಕಡೆ ಹೋಗುತ್ತಿತ್ತು. ಕೊನೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು, ಅವುಗಳ ಮೇಲೆ ಕೂತುಬಿಟ್ಟಳು. ಆ ಮೂಲೆಯಿಂದ ಪುಟ್ಟಮಲ್ಲಮ್ಮ ಗೋಳಿಟ್ಟಳು:

“ಗುರುಶಾಂತಿ, ನಂದಿನ್ನೂ ಎಲ್ಡು ಪುಟ ಐತೆ ಕಣೇ!”

“ನಂಗ್ಯಾಕ್ ಹೇಳ್ತೀಯೆ? ಆ ಸಾ ಅವ್ರಿಗೇಳು, ಸುಮ್ನೆ ಕುಂತವ್ರೆ!”

ಶಶಿಕುಮಾರ್ ಮೇಷ್ಟ್ರು ಕುರ್ಚಿ ಬಿಟ್ಟು ಎದ್ದು ನಿಂತರು. ಕೂತಿದ್ದರೆ ತಮಗೇ ಸಾಲು ಹಂಚಿಬಿಟ್ಟಾರು ಅನ್ನಿಸಿರಬೇಕು. ಹೊತ್ತಾಯಿತು, ನಾನು ಗಂಟೆಯ ಕೋಲು ಕೈಗೆತ್ತಿಕೊಂಡೆ. “ಮಾವಾ, ಮೆಲ್ಲಗ್ ಒಡಿ!” ಅಂದಳು ಪುಟ್ಟಮಲ್ಲಮ್ಮ. ಮೆಲ್ಲಗೇ ಹೊಡೆದೆ, ಹೊಡೆತಗಳ ನಡುವೆ ಒಂದೊಂದು ಸಲ ಕೆಮ್ಮಿದೆ ಕೂಡ. ಅಷ್ಟರಲ್ಲಿ ಅವಳು ಇನ್ನರ್ಧ ಪುಟ ಬರೆದಳಂತೆ.

ಅವತ್ತಿನ ಅಡುಗೆ ಪೂರಾ ಕುಳ್ಳಮ್ಮನದೇ. ಊಟಕ್ಕೆ ಕೂತ ಮೇಷ್ಟ್ರು ಎರಡು ಸಲ ಸಾರು ಹಾಕಿಸಿಕೊಂಡು, “ಉಪ್ಪು ಒಂದು ಕಣ ಜಾಸ್ತಿ” ಅಂದರು. ಗುರುಶಾಂತಮ್ಮ ಕುಳ್ಳಮ್ಮನ ಮುಖ ನೋಡಿದಳು. ಕುಳ್ಳಮ್ಮ ಒಲೆಯ ಮುಖ ನೋಡಿದಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಒಂಬತ್ತು ಜನ ಪಾಸು. ಪುಟ್ಟಮಲ್ಲಮ್ಮನಿಗೆ ಓದು, ಬರಹ ಎರಡೂ ಪಾಸು. ಕೊನೆಯ ಪುಟಗಳಲ್ಲಿದ್ದ ಲೆಕ್ಕ ಮಾತ್ರ ಇನ್ನೊಂದು ಸಲ. ಜೂನ್‌ನಲ್ಲಿ ಶಾಲೆ ಶುರುವಾದ ದಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೀಗಿತ್ತು: “ಇಂದಿನ ಊಟ. ಅನ್ನ, ಸೊಪ್ಪಿನ ಸಾರು. ಉಪ್ಪು ಗುರುಶಾಂತಮ್ಮ.” ಉಪ್ಪಿನ ವಿಷಯ ಬರೆಯಬೇಕಾಗಿಲ್ಲ ಅಂತ ಹೆಡ್ಮಾಸ್ಟರ್ ಹೇಳಿ ನೋಡಿದರು. ಒಂದು ವಾರ ಅವಳು ಕೇಳಲಿಲ್ಲ.

ಈಗ ಸಂಜೆ ಪಾತ್ರೆ ತೊಳೆದಾದ ಮೇಲೆ ಅವಳು ಪುಟ್ಟಮಲ್ಲಮ್ಮನಿಗೆ ಲೆಕ್ಕ ಹೇಳಿಕೊಡುತ್ತಾಳೆ. ತಟ್ಟೆ ಜೋಡಿಸಿ ಕೂಡಿಸುವುದು, ತೆಗೆದು ಕಳೆಯುವುದು. ಪುಟ್ಟಮಲ್ಲಮ್ಮ ಈ ತುದಿಯಿಂದ ಎಣಿಸಿಕೊಂಡು ಹೋಗುತ್ತಾಳೆ, ಇವಳು ತಡೆಯಲಾರದೆ ಆ ತುದಿಯಿಂದ ಬರುತ್ತಾಳೆ. ನಿಶತ್ ನೋಡಿಯೂ ನೋಡದ ಹಾಗೆ ಬಸ್ಸಿಗೆ ಹೋಗುತ್ತಾಳೆ.

ಪರೀಕ್ಷೆಯ ದಿನ ಬರೆದ ಹಾಳೆ ಶಾಲೆಯ ಫೈಲಿನಲ್ಲಿ ಉಳಿದಿತ್ತು. ಗುರುಶಾಂತಮ್ಮ ಹೆಡ್ಮಾಸ್ಟರ್ ಹಿಂದೆ ಬಿದ್ದು ಅದರ ಜೆರಾಕ್ಸ್ ತೆಗೆಸಿಕೊಂಡಳು. ಮಕ್ಬೂಲ್ ಸಾಹೇಬರು ಅದಕ್ಕೆ ತೇಗದ ಚೌಕಟ್ಟು ಹಾಕಿಕೊಟ್ಟರು. ಸರ್ಕಾರದ ಸರ್ಟಿಫಿಕೇಟು ಟ್ರಂಕಿನಲ್ಲಿ ಸೀರೆಯ ಕೆಳಗಿದೆ. ತಪ್ಪೊಪ್ಪಿಗೆ ನಡುಮನೆಯಲ್ಲಿ ಮಠದ ಗುರುಗಳ ಫೋಟೋದ ಪಕ್ಕ ತೂಗುತ್ತಿದೆ. ಬಂದವರಿಗೆ ಅವಳೇ ಓದಿ ಹೇಳುತ್ತಾಳೆ.

ಮೊನ್ನೆ ನಾನು ಹೋಗಿದ್ದಾಗ ಕಂಠಪ್ಪ ಗೊಣಗುತ್ತಿದ್ದ. “ತಪ್ಪು ಮಾಡಿದ್ನ ಗೋಡೆಗಾಕ್ಕಂಡಿರೋ ಮನೆ ಈ ತಾಲ್ಲೂಕ್ನಾಗೆ ನಮ್ದೊಂದೇ ಕಣಯ್ಯ. ಸರ್ಟಿಫಿಕೇಟ್ ಆಕು ಅಂದ್ರೆ ಕೇಳಾಕಿಲ್ಲ.”

ಒಳಗಿನಿಂದ ಗುರುಶಾಂತಮ್ಮ ಕೂಗಿದಳು: “ಅದು ಸರ್ಕಾರ ಬರ್ದಿದ್ದು. ಇದು ನಾ ಬರ್ದಿದ್ದು.”

ಕಂಠಪ್ಪ ಎದ್ದು ಹೋಗಿ ಓರೆಯಾಗಿದ್ದ ಚೌಕಟ್ಟನ್ನು ನೆಟ್ಟಗೆ ಮಾಡಿದ. “ಮೊಳೆ ನಾನ್ ಒಡ್ದಿದ್ದು,” ಅಂದ. “ಅದ್ನೂ ಕೆಳ್ಗೆ ಒಂಚೂರು ಬರ್ಕೊಳ್ಳೇ.”